ಅಮ್ಮ ಕೂಗಿದ ಹಾಜರಿ

“ಹರಿದು ಹಾಕು ಆ ಕಾಗದಾನ! ಶುದ್ಧ ಸುಳ್ಳು!” ಮೂವರು ಮಕ್ಕಳಲ್ಲಿ ನಡುವಿನವಳು ಕತ್ತರಿಯನ್ನು ಹೊಲಿಗೆ ಮೆಷಿನ್ ಮೇಲೆ ಕುಕ್ಕಿದಳು.

“ಮೆಲ್ಲಗೆ ಮಾತಾಡೇ, ಪಕ್ಕದ ಮನೆಗೆ ಕೇಳ್ಸುತ್ತೆ,” ಎಂದ ಅಣ್ಣ. ಅವನು ವಕೀಲ. ಗಂಟಲು ಏರಿಸುವುದು ಕೋರ್ಟಿನಲ್ಲಿ ಮಾತ್ರ.

“ಕೇಳ್ಲಿ! ಕೊನೇ ಗಳಿಗೇಲಿ ಮಕ್ಕಳೆಲ್ಲ ಅಮ್ಮನ ಸುತ್ತ ಇದ್ರಂತೆ. ಎಲ್ಲಿದ್ರಪ್ಪಾ? ಮಂಚದ ಕೆಳಗಾ?”

ತಂಗಿಗೆ ನಗು ಬಂತು. ಬಂದದ್ದು ಅಳುವಾಗಿ ತಿರುಗಿತು. ಅಮ್ಮ ಪಾಠ ಹೇಳಿದ ಶಾಲೆಯಲ್ಲೇ ಮರುದಿನ ಅವಳ ನೆನಪಿನ ಸಭೆ. ಅಲ್ಲಿ ಅಣ್ಣ ಓದಬೇಕಾದ ಮಾತುಗಳು ಅವು.

ಅಮ್ಮ ಆ ಶಾಲೆಗೆ ಜೀವ ತೇದವಳು. ಗಂಡ ತೀರಿಕೊಂಡ ವಾರಕ್ಕೇ ತರಗತಿಗೆ ಹೋಗಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಸದಾ ಸೀಮೆಸುಣ್ಣದ ಪುಡಿ. ನಿವೃತ್ತಿಯಾದ ಮೇಲೆ ಮನೆಯೇ ಶಾಲೆ. ಊಟಕ್ಕೆ ಕೂರುವ ಮುಂಚೆ ಮೊಮ್ಮಕ್ಕಳು ಉಗುರು ತೋರಿಸಬೇಕು, ಅಳಿಯ ಕೂಡ. ಮದುವೆಯಾಗಲಿ, ಜಗಳವಾಗಲಿ, ಅವಳು ತಲೆಯಾಡಿಸದೆ ಯಾವುದೂ ಒಂದು ಹೆಜ್ಜೆ ಮುಂದೆ ಹೋಗುತ್ತಿರಲಿಲ್ಲ. ಎಲ್ಲ ತಪ್ಪಿಗೂ ಅವಳಲ್ಲಿ ಮಾಫಿ ಇತ್ತು, ಬರದವರ ಬದಲು ‘ಹಾಜರ್’ ಎಂದು ಕೂಗುವುದೊಂದನ್ನು ಬಿಟ್ಟು. ಹಾಗೆ ಕೂಗಿದವರು ಅವಳು ಕರೆಯುವತನಕ ಬಾಗಿಲಾಚೆ ನಿಲ್ಲಬೇಕು.

ಕೊನೆಗಾಲದಲ್ಲಿ ಎಲ್ಲ ಮರೆತಳು, ಹಾಜರಿಯೊಂದು ಉಳಿಯಿತು. ಬೆಳಗಾದರೆ ದಿಂಬಿಗೆ ಒರಗಿ, “ದೊಡ್ಡೋನು?” ಎನ್ನುವಳು. ಉತ್ತರ ಬರದಿದ್ದರೆ ಮಗು ಕಳೆದುಹೋಯಿತೆಂದು ಹೌಹಾರಿ ಮಂಚದಿಂದ ಇಳಿಯಲು ಹೋಗುವಳು. ನಡುವಿನವಳು ಹೊಲಿಗೆ ಬಿಟ್ಟು ಓಡಿ ಬಂದು, ದನಿ ದಪ್ಪ ಮಾಡಿ “ಹಾಜರ್ ಟೀಚರ್” ಅನ್ನುವಳು. “ಚಿಕ್ಕೋಳು?” ದನಿ ಸಣ್ಣ ಮಾಡಿ ಇನ್ನೊಂದು ಹಾಜರ್. ನಡುವಿನವಳ ಸರದಿ ಮಾತ್ರ ಬರುತ್ತಲೇ ಇರಲಿಲ್ಲ. ಹೆತ್ತ ಮಗಳನ್ನೇ ಅಮ್ಮ ಶಾಲೆಯ ಆಯಾ ಅಂದುಕೊಂಡಿದ್ದಳು.

“ಬರ್ತೀವಿ ಬರ್ತೀವಿ ಅಂತ ಫೋನಲ್ಲೇ ಕಾಲ ತಳ್ಳಿದ್ರಿ. ನಿಮ್ಮಿಬ್ಬರ ಹಾಜರಿ ಕೂಗಿದ್ದು ನಾನು ಕಣೋ!”

“ಆಯ್ತು ಮಾರಾಯ್ತಿ, ನೀನಾದ್ರೂ ಇದ್ಯಲ್ಲ ಕೊನೇಲಿ. ಒಬ್ಬಳಿದ್ರೆ ಎಲ್ಲರೂ ಇದ್ದ ಹಾಗೇ.”

ಅವಳ ಸಿಟ್ಟು ಒಮ್ಮೆಲೇ ಇಳಿದುಹೋಯಿತು. ಸ್ಟೂಲಿನ ಮೇಲೆ ಕುಸಿದಳು.

“ನಾನೂ ಇರ್ಲಿಲ್ಲ. ಅವತ್ತೂ ‘ದೊಡ್ಡೋನು?’ ಅಂದ್ಲು, ನಿನ್ನ ಹಾಗೆ ಕೂಗ್ದೆ. ಕಣ್ಣಗಲಿಸಿ ನೋಡಿದ್ಲು. ‘ಏಯ್, ನಡುವಿನೋಳೇ! ಬೇರೆಯವರ ಹಾಜರಿ ಕೂಗ್ತೀಯಾ? ನಡಿ ಹೊರಗೆ’ ಅಂದ್ಲು. ನನ್ನ ಗುರುತು ಹಿಡಿದ್ಲು ಕಣೋ! ಖುಷಿಗೆ ಕುಣ್ಕೊಂಡು ಹೋಗಿ ಬಾಗಿಲಾಚೆ ನಿಂತೆ. ಈಗ ಕರೀತಾಳೆ, ಆಗ ಕರೀತಾಳೆ ಅಂತ ಕಾದೆ. ಒಳಗೆ ಹೋದಾಗ ಕೈ ತಣ್ಣಗಾಗಿತ್ತು.”

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಯಾರೂ ಇರ್ಲಿಲ್ಲ ಅಂತ ಓದು. ನಾನು ಕೇಳೋದು ಅಷ್ಟೇ. ಅವಳಿಗೆ ಇನ್ನೊಂದು ಸುಳ್ಳು ಹಾಜರಿ ಬೇಡ.”

ಅಣ್ಣ ಕಾಗದ ಮಡಚಿ ಜೇಬಿಗೆ ಸೇರಿಸಿದ. “ಅಷ್ಟು ಜನರ ಮುಂದೆ ಅದನ್ನ ಹೇಳಕ್ಕಾಗುತ್ತೇನೇ? ಮುಖಕ್ಕೆ ಉಗೀತಾರೆ.”

ಅವಳು ಎದ್ದು ಮೆಷಿನ್ನಿಗೆ ಮುಸುಕು ಹಾಕಿ, ಚಪ್ಪಲಿ ಮೆಟ್ಟಿದಳು.

“ಎಲ್ಲಿಗೇ ಹೊರಟೆ? ಒಳಗೆ ಬಾರೇ!”

ಬಾಗಿಲಾಚೆ, ಅವತ್ತು ಕಾದು ನಿಂತಿದ್ದ ಜಾಗದಲ್ಲಿ ಅವಳ ಕಾಲು ತಡೆಯಿತು.

“ಕರೀಬೇಕಾದೋಳು ಕರೀಲಿಲ್ಲ,” ಎಂದಳು.

ಮೆಟ್ಟಿಲಿಳಿದು ಬೀದಿಯ ತಿರುವು ದಾಟಿದಳು. ಮರುದಿನ ಸಭೆಗೂ ಬರಲಿಲ್ಲ, ಆಮೇಲೆ ಅಮ್ಮನ ಆ ಮನೆಗೂ ಬರಲಿಲ್ಲ.