ಗೋಧಿ ಬಿತ್ತಿದ ಕೋಟೆ

ಸೈಕಲ್ಲು ನೆರೆಮನೆಯ ಶಾಮಲಾ ಕಾಕುವಿನದು. ಕಡುಗೆಂಪು ಬಣ್ಣ, ಮುಂದೆ ತಂತಿಯ ಬುಟ್ಟಿ, ಹಿಂದೆ ಗಟ್ಟಿಮುಟ್ಟಾದ ಕ್ಯಾರಿಯರ್. ದೀಪಾವಳಿ ಮುಗಿದೊಡನೆ ಕಾಕು ಪುಣೆ ಬಳಿಯ ನಿಗಡಿಯ ಈ ಹೌಸಿಂಗ್ ಸೊಸೈಟಿ ಬಿಟ್ಟು ವಾಕಡದ ಹೊಸ ಫ್ಲ್ಯಾಟಿಗೆ ಹೋಗುವವಳಿದ್ದಳು. ಹೋಗುವ ಮುಂಚೆ ಆರುನೂರು ರೂಪಾಯಿ ತಂದವರಿಗೆ ಸೈಕಲ್ಲು ಎಂದು ಹೇಳಿಬಿಟ್ಟಿದ್ದಳು.

ಹದಿಮೂರರ ರಂಜನಾಗೆ ಅಂದಿನಿಂದ ನಿದ್ದೆ ಹತ್ತಲಿಲ್ಲ. ಸೈಕಲ್ಲನ್ನು ಬೇರೆ ಯಾರಾದರೂ ಕೊಂಡರೆ? ಕೊಳ್ಳುವ ಮುಂಚೆ ಟೈರು ಹೋದರೆ? ಅಪ್ಪನನ್ನು ಕೇಳಿದಾಗ ಅವನು ಪೇಪರು ಕೆಳಗಿಳಿಸದೆಯೇ, "ನೀ ಗಳಿಸು, ನೀ ತೊಗೊ. ನಾ ಬ್ಯಾಡ ಅನ್ನಂಗಿಲ್ಲ" ಎಂದಿದ್ದ.

ಗಳಿಸುವುದು ಹೇಗೆಂದು ತೋರಿಸಿಕೊಟ್ಟವನು ಅಣ್ಣ ಸ್ವಪ್ನಿಲ್. ಹದಿನೈದು ವರ್ಷದ ಅವನಿಗೆ ದಿನಕ್ಕೊಂದು ಧಂದೆಯ ಐಡಿಯಾ ಬರುತ್ತಿತ್ತು. ಪುಣೆಯ ಹುಡುಗರು ದೀಪಾವಳಿಗೆ ಮನೆ ಮುಂದೆ ಮಣ್ಣಿನ ಕೋಟೆ ಕಟ್ಟುತ್ತಾರಲ್ಲ, ಈ ವರ್ಷ ಸೊಸೈಟಿಯ ಹುಡುಗರೆಲ್ಲ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕೂತಿದ್ದರು. ಕಟ್ಟುವವರಿಲ್ಲ. ಆದರೆ ಕೋಟೆಯಿಲ್ಲದ ಅಂಗಳ ಎಂದರೆ ತಾಯಂದಿರಿಗೆ ಅವಮಾನ.

"ನಾವು ಕಟ್ಟಿಕೊಡೂಣು," ಎಂದ ಸ್ವಪ್ನಿಲ್. "ನಾಕು ಕೋಟೆ, ಒಂದಕ್ಕ ನೂರೈವತ್ತು. ನಾ ಮ್ಯಾನೇಜರ್."

"ಮತ್ತ ನಾ?"

"ನೀ ಮಣ್ಣು ಹೊರಾಕಿ."

ಹೀಗೆ ಕಂಪನಿ ಶುರುವಾಯಿತು. ಶಾಮಲಾ ಕಾಕು ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುತ್ತಿದ್ದಳು. ಮೊದಲ ಆರ್ಡರು ಅವಳದೇ. "ಏ ಪೋರಗಿ, ಹುಲ್ಲು ಮಾತ್ರ ಹಿರವಾಗಾರ, ಹಚ್ಚಹಸರ ಇರಬೇಕ ಹಂ. ಬೋಳು ಗುಡ್ಡ ನಂಗ ಬ್ಯಾಡ. ಕೆಲಸ ಚಲೋ ಆದ್ರ ಪೈಸಾ, ಇಲ್ಲಂದ್ರ ಚಹಾ," ಎಂದು ಹೇಳಿ ಒಳಗೆ ಹೋದಳು.

ಕಲ್ಲು, ಹಳೆಯ ಇಟ್ಟಿಗೆ, ಗೋಣಿಚೀಲ, ಅದರ ಮೇಲೆ ಕಲಸಿದ ಮಣ್ಣು. ರಂಜನಾ ಬುಟ್ಟಿ ಬುಟ್ಟಿ ಹೊತ್ತಳು. ಸ್ವಪ್ನಿಲ್ ಸೊಂಟದ ಮೇಲೆ ಕೈಯಿಟ್ಟು ನಿಂತು ಬುರುಜು ಎಡಕ್ಕೆ ವಾಲಿದೆ, ಗುಹೆ ಚಿಕ್ಕದಾಯಿತು ಎಂದು ತಪ್ಪು ಹುಡುಕಿದ. ನಾಲ್ಕೂ ಕೋಟೆಗಳು ಎದ್ದು ನಿಂತವು. ತುದಿಯಲ್ಲಿ ಸಿಂಹಾಸನದ ಮೇಲೆ ಮಣ್ಣಿನ ಮಹಾರಾಜರು, ಮೆಟ್ಟಿಲ ಮೇಲೆ ಬೆರಳುದ್ದದ ಸೈನಿಕರು, ಕೆಳಗೆ ಸ್ಟೀಲಿನ ತಟ್ಟೆಯ ಕೆರೆ.

ಉಳಿದದ್ದು ಹುಲ್ಲು. ಊರಿನ ಹುಡುಗರೆಲ್ಲ ಇದಕ್ಕೆ ಸಾಸಿವೆಯಷ್ಟು ಸಣ್ಣ ಆಳ್ವಿ ಬೀಜ ಉದುರಿಸುತ್ತಾರೆ. ಬೆರಳಗಂಟಿನಷ್ಟೇ ಬೆಳೆದು ನಿಲ್ಲುತ್ತದೆ. ರಂಜನಾ ಅಂಗಡಿಯಲ್ಲಿ ಆಳ್ವಿಯ ಬೆಲೆ ಕೇಳಿ ಎದೆ ಹಿಡಿದುಕೊಂಡು ಮನೆಗೆ ಬಂದಳು. ನಾಲ್ಕು ಕೋಟೆಗೆ ಬೇಕಾದಷ್ಟು ಕೊಂಡರೆ ಸೈಕಲ್ಲಿನ ಒಂದು ಗಾಲಿ ಅಲ್ಲೇ ಹೋಯಿತು. ಆಗ ಅವಳಿಗೆ ನವರಾತ್ರಿಯ ಘಟ ನೆನಪಾಯಿತು. ದೇವರ ಮುಂದೆ ಮಣ್ಣು ಹರಡಿ ಅಜ್ಜಿ ಯಂಕವ್ವ ಗೋಧಿ ಬಿತ್ತುತ್ತಾಳೆ, ಹಸಿರು ಸಸಿ ಏಳುತ್ತದೆ. ಮನೆಯ ಡಬ್ಬಿಯಲ್ಲೇ ಗೋಧಿ ಇರುವಾಗ ದುಡ್ಡೇಕೆ ಕೊಡಬೇಕು?

"ಅಜ್ಜಿ, ಗೋಧಿ ಹಾಕಿದ್ರ ಬರ್ತದೇನ?"

"ಬರದ ಏನ್ ಮಾಡ್ತದ? ನಾ ಬಿತ್ತಿಕೊಡತೀನಿ ತಗಿ." ಯಂಕವ್ವ ಸೆರಗು ಸಿಕ್ಕಿಸಿಕೊಂಡು ಇಳಿದೇ ಬಂದಳು. ಸಾಲದ್ದಕ್ಕೆ ಸೆಗಣಿ ಗೊಬ್ಬರವನ್ನೂ ಉದುರಿಸಿದಳು. ಅವಳಿಗೆ ಗೊತ್ತಿದ್ದದ್ದು ಘಟ ಒಂದೇ. ಘಟದ ಸಸಿ ಎಷ್ಟು ಎತ್ತರ ಬಂದರೆ ಮನೆಗೆ ಅಷ್ಟು ಶುಭ.

ಕೋಟೆಯ ವಿಷಯದಲ್ಲಿ ಈ ಲೆಕ್ಕ ಪೂರ್ತಿ ಉಲ್ಟಾ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೊದಲು ಮೊಳಕೆ ಬಂದಾಗ ರಂಜನಾ ಕುಣಿದಳು. ಎರಡು ದಿನಕ್ಕೆ ಸೈನಿಕರ ಮೊಣಕಾಲು ಮುಚ್ಚಿತು. ಆಮೇಲೆ ಸೊಂಟ. ಆಮೇಲೆ ಮೀಸೆ. ವಾರ ಕಳೆಯುವಷ್ಟರಲ್ಲಿ ಗೇಣುದ್ದದ ಗೋಧಿ ಗಾಳಿಗೆ ತೂಗುತ್ತಿತ್ತು. ಸೈನ್ಯ ಕಾಣೆ, ಮೆಟ್ಟಿಲು ಕಾಣೆ, ಮಹಾರಾಜರ ಕಿರೀಟದ ತುದಿ ಮಾತ್ರ ಒಂದಿಷ್ಟು ಇಣುಕುತ್ತಿತ್ತು.

ಯಂಕವ್ವ ಹಿಗ್ಗಿದಳು. "ಏನ್ ಪೀಕ ಬಂದದ ನೋಡ! ಬಾರಾಮತಿ ಕಡೆ ಹೊಲದಾಗೂ ಹಿಂಗ ಬರಂಗಿಲ್ಲ."

ಶಾಮಲಾ ಕಾಕು ಹಿಗ್ಗಲಿಲ್ಲ. "ಹೇ ಕಾಯ್ ಗ ರಂಜನಾ? ನಾ ಕಿಲ್ಲಾ ಮಾಡು ಅಂದಿದ್ದೆ, ನೀ ಹೊಲಾ ಮಾಡೀದಿ! ಇದನ್ನ ನೋಡಾಕ ಬಂದವ್ರು ಕುಡುಗೋಲು ತರಬೇಕೇನ?"

"ಸೈನಿಕರು ಅಡಗ್ಯಾರ ಕಾಕು. ಗನಿಮಿ ಕಾವಾ," ಎಂದ ಸ್ವಪ್ನಿಲ್, ಗುಡ್ಡಗಾಡಿನ ಗೆರಿಲ್ಲಾ ಯುದ್ಧದ ಹೆಸರು ಹೇಳಿ.

"ಪೈಸಾನೂ ಅಡಗ್ಯಾವ ಹಂಗಾರ. ನಾಳೆ ವಸುಬಾರಸ್. ನಾಳೆ ಸಂಜೀ ಒಳಗ ಮಹಾರಾಜರು ಕಾಣಬೇಕು. ಇಲ್ಲಂದ್ರ ಚಹಾ ಕುಡದ ಹೋಗ್ರಿ."

ಕೋಟೆ ಕಟ್ಟಿಸಿಕೊಂಡ ಉಳಿದ ಮೂರು ಮನೆಯವರೂ ಅದನ್ನೇ ಹೇಳಿದರು. ಗೋಧಿ ಕಿತ್ತರೆ ಬೇರಿನ ಜೊತೆ ಕೋಟೆಯ ಗೋಡೆಯೇ ಕೈಗೆ ಬರುತ್ತಿತ್ತು. ರಂಜನಾ ಒಂದು ಹಿಡಿ ಎಳೆದು ನೋಡಿದಳು, ಬುರುಜು ದೊಪ್ಪನೆ ಬಿತ್ತು. ಅದನ್ನು ಮತ್ತೆ ಮೆತ್ತುತ್ತ ಅವಳು ಗೋಳೋ ಎಂದು ಅತ್ತಳು. ಸ್ವಪ್ನಿಲ್ ಮ್ಯಾನೇಜರ್ ಹುದ್ದೆಗೆ ರಾಜೀನಾಮೆ ಕೊಟ್ಟು ಕ್ರಿಕೆಟ್ ಆಡಲು ಹೋದ.

ವಸುಬಾರಸ್ ಎಂದರೆ ದೀಪಾವಳಿಯ ಮೊದಲ ದಿನ, ಆಕಳು ಕರುವಿಗೆ ಪೂಜೆ. ಸೊಸೈಟಿಯಲ್ಲಿ ಆಕಳೆಲ್ಲಿ? ಆಕುರ್ಡಿ ಕಡೆ ಗುಡಿಸಲು ಹಾಕಿಕೊಂಡಿದ್ದ ಅಂಬಣ್ಣ ಆ ದಿನ ತನ್ನ ಆಕಳನ್ನು ಕರುವಿನ ಜೊತೆ ಅರಿಶಿನ ಹಚ್ಚಿ ಕರೆತರುತ್ತಿದ್ದ. ಪೂಜೆಗೆ ದಕ್ಷಿಣೆ ಒಂದು, ತಿನ್ನಿಸಲು ಅವನದೇ ಹುಲ್ಲಿನ ಸೂಡಿಗೆ ದುಡ್ಡು ಬೇರೆ. ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದು, ಜರಿ ಸೀರೆಯುಟ್ಟು, ಗೇಟಿನಿಂದ ಸಾಲಾಗಿ ನಿಂತರು. ರಂಜನಾ ಮಾತ್ರ ಕತ್ತರಿ ಹಿಡಿದು ಕೋಟೆಯ ಮುಂದೆ ಕೂತಿದ್ದಳು. ಗೋಡೆ ಬಿದ್ದೀತೆಂದು ಒಂದೊಂದೇ ಎಸಳು ಕತ್ತರಿಸುತ್ತ ಅವಳು ಇನ್ನೂ ಕೆರೆಯ ದಂಡೆ ದಾಟಿರಲಿಲ್ಲ.

ಆಕಳು ಒಳಗೆ ಬಂತು. ಅಂಬಣ್ಣನ ಕೈಯಲ್ಲಿದ್ದ ಒಣಗಿದ ಸೂಡಿಯನ್ನು ಮೂಸಿತು. ಶಾಮಲಾ ಕಾಕುವಿನ ಕೋಟೆಯನ್ನು ನೋಡಿತು. ಮತ್ತೆ ಸೂಡಿ ನೋಡಿತು. ಆಮೇಲೆ ಹಗ್ಗ, ಅಂಬಣ್ಣ, ಆರತಿ ತಟ್ಟೆ ಎಲ್ಲವನ್ನೂ ಎಳೆದುಕೊಂಡು ನೇರ ಕೋಟೆಗೇ ನಡೆಯಿತು.

"ಏ ಹೋಯ್! ಹೋಯ್!" ಅಂಬಣ್ಣ ಕೂಗಿದ.

"ಮಹಾರಾಜರು!" ಎಂದು ಶಾಮಲಾ ಕಾಕು ಚೀರಿದಳು.

ರಂಜನಾ ಎದ್ದು ಕೈಗಳನ್ನು ಅಗಲಿಸಿ ನಿಂತಳು. ಆಕಳು ಅವಳ ಕಂಕುಳಡಿಯಿಂದ ಮೂತಿ ತೂರಿಸಿ ನಾಲಿಗೆ ಚಾಚಿತು. ಸರ್ ಎಂದು ಒಂದು ಸಾಲು. ಸರ್ ಎಂದು ಇನ್ನೊಂದು. ಬೇರು ಅಲುಗಲಿಲ್ಲ, ಗೋಡೆ ಕುಸಿಯಲಿಲ್ಲ. ಹಜಾಮನ ಮಿಷನ್ನಿನಿಂದ ಹೊರಬಂದ ತಲೆಯಂತೆ ಕೋಟೆಯ ಮುಖ ನುಣ್ಣಗೆ ಹಸಿರಾಯಿತು. ಮೆಟ್ಟಿಲು ಕಂಡಿತು. ಸೈನಿಕರು ಕಂಡರು, ಒಬ್ಬ ಮಾತ್ರ ಎಂಜಲಾಗಿದ್ದ. ತುದಿಯಲ್ಲಿ ಮಹಾರಾಜರು ಇದ್ದಂತೆಯೇ ಕೂತಿದ್ದರು.

"ಗೋಮಾತಾನ ದರ್ಶನಾ ಮಾಡಿಸಿದ್ಲಲ್ಲ ಗ!" ಎಂದು ಶಾಮಲಾ ಕಾಕು ಅಲ್ಲೇ ಕೋಟೆಗೂ ಆಕಳಿಗೂ ಸೇರಿಸಿ ಆರತಿ ಎತ್ತಿದಳು.

ಅಷ್ಟೇ, ಉಳಿದ ಮೂರು ಮನೆಯವರು ಹಗ್ಗಕ್ಕೆ ಕೈಹಾಕಿದರು. "ಮೊದಲ ನಮ್ಮ ಕಿಲ್ಲಾಕ್ಕ!" "ನಮ್ಮದರಾಗ ಗೋಧಿ ದಪ್ಪ ಅದ!" ಕೋಟೆ ಇಲ್ಲದವರು ತಮ್ಮ ಕೈಯಾರೆ ತಿನ್ನಿಸಬೇಕು ಎಂದರು. ರಂಜನಾಗೆ ಆಗ ಬುದ್ಧಿ ಓಡಿತು. ಹಿಂಬದಿಯ ಗೋಧಿಯನ್ನು ಹಿಡಿ ಹಿಡಿಯಾಗಿ ಕತ್ತರಿಸಿ, "ಹಿಡೀಗೆ ಐದು ರೂಪಾಯಿ, ತಾಜಾ, ಕೋಟೆ ಮ್ಯಾಲಿಂದು!" ಎಂದು ಕೂಗಿದಳು. ಅಳುವ ಹುಡುಗಿಗೆ ಅಂಥ ದನಿ ಎಲ್ಲಿಂದ ಬಂತೋ. ಹೆಂಗಸರು ಮುಗಿಬಿದ್ದರು.

ಅಂಬಣ್ಣ ಮಾರಾಟವಾಗದ ಸೂಡಿಗಳ ಮೇಲೆ ಕುಕ್ಕರಿಸಿದ. "ಯವ್ವಾ, ನನ್ನ ಹೊಟ್ಟಿ ಮ್ಯಾಲ ಹೊಡದ್ರಲ್ರಿ. ಆಕಳ ನಂದು, ಬಾಯಿ ನಂದು. ಅರ್ಧಾ ರೊಕ್ಕ ನನಗ ಕೊಡ್ರಿ."

"ಗೋಧಿ ನಂದು, ಗೊಬ್ಬರ ನಂದು," ಎಂದಳು ಯಂಕವ್ವ.

"ಗೊಬ್ಬರಾನೂ ಇದರದ ಅಲ್ಲೇನವ್ವ! ಹ್ವಾದ ವಾರ ನನ್ನ ಕಡೆಂದ ಒಯ್ದಿದ್ರಿ."

ಹುಲ್ಲಿನ ದುಡ್ಡಿನಲ್ಲಿ ಅರ್ಧ ಅಂಬಣ್ಣನಿಗೆ ಹೋಯಿತು.

ಆದರೂ ಸಂಜೆ ನಾಲ್ಕೂ ಮನೆಯವರು ಕೂಲಿ ಕೊಟ್ಟರು. ರಂಜನಾ ನೋಟುಗಳನ್ನು ಫ್ರಾಕಿನ ಜೇಬಿನಲ್ಲಿಟ್ಟು, ಪಿನ್ನು ಚುಚ್ಚಿ, ಪಿನ್ನು ಬಿಚ್ಚಿತೇ ಎಂದು ಮುಟ್ಟಿ ಮುಟ್ಟಿ ನೋಡುತ್ತ ಶಾಮಲಾ ಕಾಕುವಿನ ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಹಿಂದಿನಿಂದ ಸ್ವಪ್ನಿಲ್ ಬಂದ.

"ನನ್ನ ಅರ್ಧಾ?"

"ನೀ ರಾಜೀನಾಮೆ ಕೊಟ್ಟಿದ್ದಿಯಲ್ಲ!"

"ಅದು ಮ್ಯಾನೇಜರ್ ಕೆಲಸಕ್ಕ. ಮಾಲಕತನಕ್ಕ ಯಾರಾದ್ರೂ ರಾಜೀನಾಮೆ ಕೊಡ್ತಾರೇನ? ಐಡಿಯಾ ಯಾರ್ದು ಹೇಳು."

ಐಡಿಯಾ ಅವನದೇ. ಅವನ ಅರ್ಧ ಪಟಾಕಿಗೆ ಹೋಗುತ್ತದೆ, ಅವಳ ಅರ್ಧಕ್ಕೆ ಅರ್ಧ ಸೈಕಲ್ಲು ಯಾರೂ ಕೊಡುವುದಿಲ್ಲ. ಮೇಲೆ ಬಾಗಿಲಲ್ಲಿ ಶಾಮಲಾ ಕಾಕು, "ತೊಗೋತಿಯೋ ಇಲ್ಲೋ ಗ? ಮೂರನೇ ಮಾಳಿಗಿ ಅವರು ಕೇಳಾಕ ಹತ್ಯಾರ," ಎಂದಳು.

ರಂಜನಾ ಜೇಬಿನ ಪಿನ್ನನ್ನು ಒತ್ತಿ ಹಿಡಿದಳು. "ಅಣ್ಣಾ, ನಿನ್ನ ಪಾಲು ನನಗ ಸಾಲ ಕೊಡೋ. ನೀ ಹೇಳಿದ್ದು ಕೇಳತೀನಿ."

ಸ್ವಪ್ನಿಲ್ ಗಲ್ಲ ಕೆರೆದ. ಪಟಾಕಿ ಒಂದು ರಾತ್ರಿಯದು, ಆದರೆ ಇದು…

"ದಿನಾ ಸಾಲಿಗೆ ನನ್ನ ಕ್ಯಾರಿಯರ್ ಮ್ಯಾಲ ಕೂಡ್ರಿಸಿಕೊಂಡ ಒಯ್ಯಬೇಕು. ಹೋಗೂದೂ, ಬರೂದೂ. ಬ್ಯಾಸಗಿ ರಜಾ ತನಕ."

"ಒಯ್ತೀನಿ!"

ಅವನು ಎಷ್ಟು ತೂಗುತ್ತಾನೆ ಎಂಬುದು, ಯಾವತ್ತೂ ಎಲ್ಲವನ್ನೂ ಮುಂಚೆಯೇ ಯೋಚಿಸಿ ಹೆದರುವ ರಂಜನಾಗೆ, ಆ ಒಂದು ಸಲ ಹೊಳೆಯಲಿಲ್ಲ.

ರಜೆ ಮುಗಿದ ಸೋಮವಾರ ನಿಗಡಿಯ ಏರಿನಲ್ಲಿ ಕೆಂಪು ಸೈಕಲ್ಲೊಂದು ಹಾವಿನಂತೆ ಹೊರಳುತ್ತ ಹೋಯಿತು. ಮುಂದೆ ರಂಜನಾ, ಎರಡು ಜಡೆ, ಬೆವರು, ಕಣ್ಣಲ್ಲಿ ಹೆಮ್ಮೆ. ಹಿಂದೆ ಕಾಲ ಮೇಲೆ ಕಾಲು ಹಾಕಿ ಸ್ವಪ್ನಿಲ್, ಬಿಸ್ಕತ್ತು ತಿನ್ನುತ್ತ.

"ಎಡಕ್ಕ ವಾಲಾಕ ಹತ್ತೇದ ನೋಡ," ಎಂದ.

"ನೀ ಇಳಿ, ಅಂದ್ರ ಸರಿ ಆಗ್ತದ," ಎಂದು ಏದುಸಿರಿನಲ್ಲೇ ಹೇಳಿದ ರಂಜನಾ, ಪೆಡಲಿನ ಮೇಲೆ ಎದ್ದು ನಿಂತು ತುಳಿದಳು.