ಎರಡನೇ ಖಾನೆಯ ತಳದ ಕಾಗದ

ಅಕ್ಕ ನಾಲ್ಕು ಗಂಟೆಯ ಬಸ್ಸಿಗೆ ಬರುತ್ತಾಳೆ. ಅಷ್ಟರೊಳಗೆ ಬೀರುವಿನಲ್ಲಿ ಒಂದು ಖಾನೆ ಖಾಲಿಯಾಗಬೇಕು. ಒಂದೇ ಒಂದು ಖಾನೆ. ಕೇಳುವುದಕ್ಕೆ ಎಷ್ಟು ಸುಲಭ! ಬೆಳಿಗ್ಗೆ ಎಂಟಕ್ಕೇ ಟೊಂಕ ಕಟ್ಟಿ ನಿಂತ ಚಿಕ್ಕವಳು ಹನ್ನೊಂದಾದರೂ ಬಟ್ಟೆಯ ರಾಶಿಯ ನಡುವೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ಚಿಕ್ಕವಳು ಅಂದರೆ ಈಗ ಚಿಕ್ಕವಳೇನಲ್ಲ, ಐವತ್ತೆರಡು ದಾಟಿದೆ. ಇಬ್ಬರು ಹೆಣ್ಣುಮಕ್ಕಳನ್ನು ಅಮ್ಮ ದೊಡ್ಡವಳು, ಚಿಕ್ಕವಳು ಎಂದು ಕರೆದದ್ದು ಹಾಗೇ ಅಂಟಿಕೊಂಡಿತು. ಶಾಲೆಯ ಲೈಬ್ರರಿಯಲ್ಲಿ ಆರು ಸಾವಿರ ಪುಸ್ತಕಗಳನ್ನು ಕಣ್ಣು ಮುಚ್ಚಿಕೊಂಡು ಜೋಡಿಸುವವಳು ಅವಳು. ಮನೆಯ ನಾಲ್ಕು ಖಾನೆಗಳು ಮಾತ್ರ ಅವಳಿಗೆ ಜಗ್ಗುತ್ತಿರಲಿಲ್ಲ. ಮದುವೆಯಾದ ಮೇಲೂ ಅವಳು ಬಿಡದ ಅಮ್ಮನ ಮನೆ; ಇರುವುದು ಎರಡು ಕೋಣೆ, ಅಮ್ಮನ ಕಾಲದ ಒಂದೇ ಒಂದು ಮರದ ಬೀರು. ಮೇಲಿನ ಖಾನೆಯಲ್ಲಿ ಕಂಬಳಿ, ಎರಡನೆಯದರಲ್ಲಿ ಅವಳ ಬಟ್ಟೆ, ಮೂರನೆಯದರಲ್ಲಿ ಗಂಡನದು, ತಳದಲ್ಲಿ ಹೊಲಿಗೆಯವಳಾಗಿದ್ದ ಅಮ್ಮನ ಗುಂಡಿ ಡಬ್ಬಿಗಳು.

ಬಸ್ ಡ್ರೈವರ್ ಗಂಡ ಡ್ಯೂಟಿಗೆ ಹೊರಡುತ್ತಾ ಬಾಗಿಲಲ್ಲಿ ನಿಂತು ನಕ್ಕ.

"ಐವತ್ತು ಸೀಟಿನ ಬಸ್ಸಲ್ಲಿ ಎಪ್ಪತ್ತು ಜನಾನ ಹತ್ತಿಸ್ತೀನಿ ಕಣೇ. ಒಂದು ಬೀರು ನಿಂಗೆ ಇಷ್ಟು ಕಷ್ಟಾನಾ?"

"ಹತ್ತಿಸೋದೇನೋ ಸುಲಭ ರೀ, ಇಳಿಸೋದು ಕಷ್ಟ. ಈ ಪ್ಯಾಂಟು ನಮ್ಮ ಮದುವೇದು. ನಿಮ್ಮ ಒಂದು ಕಾಲೂ ಇದರೊಳಗೆ ಹೋಗಲ್ಲ. ಕೊಟ್ಟುಬಿಡ್ಲಾ?"

"ತೆಳ್ಳಗಾದ್ರೆ ಬೇಕಾಗುತ್ತೆ."

"ಯಾವ ಜನ್ಮದಲ್ಲಿ?" ಎಂದು ಅವಳು ಪ್ಯಾಂಟನ್ನು ಬಾಗಿಲ ಬಳಿಯ ರಾಶಿಗೆ ಎಸೆದಳು. ಯಾರಿಗಾದರೂ ಕೊಡಬೇಕಾದ ರಾಶಿ ಅದು. ಗಂಡ ಅದನ್ನೊಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಮೆಟ್ಟಿಲಿಳಿದು ಹೋದ.

ನಗೆಯೆಲ್ಲ ಹೊರಗಿನದು. ಒಳಗೆ ಒಂದು ಮುಳ್ಳು ನಲವತ್ತೆರಡು ವರ್ಷದಿಂದ ಮುರಿದು ಕೂತಿತ್ತು.

ಎರಡನೆಯ ಖಾನೆ ಮೊದಲು ಅಕ್ಕನದಾಗಿತ್ತು. ಚಿಕ್ಕವಳ ಬಟ್ಟೆ ತಳದಲ್ಲಿ, ಗುಂಡಿ ಡಬ್ಬಿಗಳ ಜೊತೆ. ಹದಿನೆಂಟು ತುಂಬಿದ ಅಕ್ಕ ನರ್ಸ್ ತರಬೇತಿಗೆಂದು ದೂರದ ಊರಿಗೆ ಹೊರಟ ದಿನ ಇಡೀ ಮನೆ ಅತ್ತಿತ್ತು, ಚಿಕ್ಕವಳೂ ಅತ್ತಿದ್ದಳು. ಅತ್ತು ಮುಗಿಸಿ, ಅದೇ ಸಂಜೆ, ಅಕ್ಕ ಬಿಟ್ಟುಹೋಗಿದ್ದ ನಾಲ್ಕು ಬಟ್ಟೆಗಳನ್ನು ಚೀಲಕ್ಕೆ ತುರುಕಿ ಖಾನೆಯಲ್ಲಿ ತನ್ನದನ್ನು ಜೋಡಿಸಿದ್ದಳು. ಹತ್ತು ವರ್ಷದ ಹುಡುಗಿಗೆ ಅದು ರಾಜ್ಯ ಸಿಕ್ಕಷ್ಟು ಸಂತೋಷ. ಆರು ತಿಂಗಳಿಗೆ ರಜೆಯಲ್ಲಿ ಬಂದ ಅಕ್ಕ ಬೀರುವಿನ ಕಡೆ ನೋಡಿದಳು. ನೀಲಿ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದಳು.

ಅಂದಿನಿಂದ ಪ್ರತಿ ರಜೆಯಲ್ಲೂ ಅಷ್ಟೆ. ಬ್ಯಾಗುಗಳು ಹರಿದವು, ಹೊಸವು ಬಂದವು, ಮಂಚದ ಕೆಳಗಿನ ಜಾಗ ಬದಲಾಗಲಿಲ್ಲ. "ಬಿಡಿಸಿ ಇಡಕ್ಕ" ಅಂದರೆ "ನಾಲ್ಕು ದಿನಕ್ಕೆ ಯಾಕೆ ಬಿಡು" ಅನ್ನುತ್ತಿದ್ದಳು. ಮದುವೆಯಾಗದ ಅಕ್ಕ ಜೀವನವೆಲ್ಲ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಕಳೆದು, ಈಗ ನಿವೃತ್ತಳಾಗಿ ಅದನ್ನೂ ಖಾಲಿ ಮಾಡಿ ಬರುತ್ತಿದ್ದಾಳೆ. ಇನ್ನು ಇಲ್ಲೇ ಇರುವವಳು. ಇವತ್ತೂ ಬ್ಯಾಗ್ ಮಂಚದ ಕೆಳಗೇ ಹೋದರೆ?

ಎರಡು ಗಂಟೆಗೆ ಖಾನೆ ಖಾಲಿಯಾಯಿತು. ಉಡುವ ಬಟ್ಟೆ ಗಂಡನ ಖಾನೆಯಲ್ಲಿ ತೆರವಾದ ಜಾಗಕ್ಕೆ ಹೋಯಿತು. ಹತ್ತು ವರ್ಷದಿಂದ ಮೈಗೇರದ ಅಂಗಿಗಳು, ಒಂಟಿ ಕಾಲುಚೀಲಗಳು, ಹಿಂಜಿದ ಸ್ವೆಟರು, ಎಲ್ಲ ಬಾಗಿಲ ಬಳಿ ಸೇರಿದವು. ಉಳಿದದ್ದು ತಳದಲ್ಲಿ ಹಾಸಿದ್ದ ಹಳದಿ ಬಣ್ಣಕ್ಕೆ ತಿರುಗಿದ ಪೇಪರು. ಅಮ್ಮನನ್ನು ಬಿಟ್ಟು ಅದನ್ನು ಯಾರೂ ಮುಟ್ಟಿದ್ದಿಲ್ಲ. ವರ್ಷಕ್ಕೊಮ್ಮೆ ಬೀರು ಒರೆಸುತ್ತಿದ್ದವಳು ಅಮ್ಮನೇ. "ಕೆಳಗಿನ ಕಾಗದ ತೆಗೀಬೇಡ, ಗೆದ್ದಲು ಬರುತ್ತೆ" ಎಂದು ಗದರುತ್ತಿದ್ದಳು. ಅಮ್ಮ ಹೋಗಿ ಆರು ವರ್ಷವಾದರೂ ಆ ಮಾತು ನಡೆಯುತ್ತಲೇ ಇತ್ತು.

ಅಕ್ಕನಿಗೆ ಹಳೇ ಪೇಪರಿನ ಮೇಲೆ ಬಟ್ಟೆ ಇಡಿಸುವುದೇ? ಚಿಕ್ಕವಳು ಮೂಲೆ ಹಿಡಿದು ಎಳೆದಳು. ಪೇಪರಿನ ಕೆಳಗೆ ದಪ್ಪ ಕಂದು ಕಾಗದ. ಅದರ ಕೆಳಗೆ ಇನ್ನೊಂದು. ಮತ್ತೊಂದು. ಎಲ್ಲವೂ ಅಂಗಿಯ ಆಕಾರದಲ್ಲಿ ಕತ್ತರಿಸಿದವು.

ನೋಡಿದ ಕೂಡಲೇ ಗುರುತು ಸಿಕ್ಕಿತು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಮ್ಮ ಅಳತೆಯನ್ನು ಕಾಗದದಲ್ಲಿ ಕತ್ತರಿಸಿಕೊಳ್ಳುತ್ತಿದ್ದಳು. ಮೈ ಬೆಳೆದು ಅಳತೆ ಬದಲಾದರೆ ಹಳೆಯ ಕಾಗದವನ್ನು ಎಸೆಯುತ್ತಿರಲಿಲ್ಲ, ಯಾರ ಅಳತೆಯೋ ಅವರ ಖಾನೆಗೇ ಹಾಸುತ್ತಿದ್ದಳು. ತಟ್ಟನೆ ಅವಳು ತಳದ ಖಾನೆಯ ಡಬ್ಬಿಗಳನ್ನು ಸರಿಸಿ ನೋಡಿದಳು. ಅಲ್ಲಿದ್ದವು ಅವಳವು. 'ಚಿಕ್ಕವಳು, ಹತ್ತು ವರ್ಷ.' 'ಚಿಕ್ಕವಳು, ಕಾಲೇಜು.' 'ಚಿಕ್ಕವಳು, ಮದುವೆಗೆ.'

ಎರಡನೇ ಖಾನೆಯ ಪ್ರತಿ ಕಾಗದದ ಮೇಲೂ ಪೆನ್ಸಿಲಿನಲ್ಲಿ ಒಂದೇ ಹೆಸರು, ದೊಡ್ಡವಳು. ಅಕ್ಕ ಹೋದ ಮೇಲಿನವೇ ಮೂವತ್ತಕ್ಕೂ ಹೆಚ್ಚು. ಪ್ರತಿ ರಜೆಯಲ್ಲೂ ಅಮ್ಮ ಅವಳ ಅಳತೆ ತೆಗೆದು ಅಂಗಿ ಹೊಲಿದು ಕಳಿಸುತ್ತಿದ್ದಳಲ್ಲ, ಅವು. ಎಲ್ಲಕ್ಕಿಂತ ಮೇಲಿದ್ದದ್ದು ಅಮ್ಮ ತೀರಿಹೋದ ವರ್ಷದ್ದು. ಅಕ್ಷರ ನಡುಗಿತ್ತು: 'ದೊಡ್ಡವಳು. ಎದೆ ಮೂವತ್ತೆಂಟು. ಅರ್ಧ ಇಂಚು ಸಡಿಲ ಬಿಡು. ದಿನವೆಲ್ಲ ನಿಂತೇ ಇರುತ್ತಾಳೆ.'

ಚಿಕ್ಕವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಖಾನೆ ಕಿತ್ತುಕೊಂಡದ್ದಕ್ಕೆ ಅಮ್ಮ ಒಂದು ದಿನವೂ ತನ್ನನ್ನು ಬೈದಿರಲಿಲ್ಲ. ಬೈಯದೆಯೇ, ತನ್ನ ಬಟ್ಟೆಯ ಅಡಿಯಲ್ಲಿ, ಖಾನೆಯನ್ನು ಅಕ್ಕನ ಹೆಸರಿಗೇ ಉಳಿಸಿಕೊಂಡು ಬಂದಿದ್ದಳು.

ನಾಲ್ಕೂವರೆಗೆ ಅಕ್ಕ ಬಂದಳು. ಚಪ್ಪಲಿ ಬಿಟ್ಟು, ನೀರು ಕುಡಿದು, "ಎಷ್ಟು ಇಳಿದುಹೋಗಿದೀಯಲ್ಲೇ" ಎಂದು ತಂಗಿಯ ಗಲ್ಲ ಹಿಡಿದಳು. ಆಮೇಲೆ ಕಾಲಿನಿಂದ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದಳು.

"ಅಕ್ಕ, ಬೇಡ. ಇಲ್ಲಿ ಬಾ." ಚಿಕ್ಕವಳು ಬೀರುವಿನ ಮುಂದೆ ನಿಂತು ಕಾಗದದ ಕಟ್ಟನ್ನು ಚಾಚಿದಳು.

ಅಕ್ಕ ಕನ್ನಡಕ ಏರಿಸಿ ಓದಿದಳು. ಅರ್ಧ ಇಂಚು ಸಡಿಲ ಅನ್ನುವಲ್ಲಿಗೆ ಬಂದಾಗ ಆ ಸಾಲಿನ ಮೇಲೆ ಬೆರಳಾಡಿಸಿದಳು.

"ಇದನ್ನ ಯಾಕೆ ತೆಗ್ದೆ? ಗೆದ್ದಲು ಬರುತ್ತೆ."

"ನಿಂಗೆ ಗೊತ್ತಿತ್ತಾ?"

"ಪ್ರತಿ ರಜೇಲೂ ಅಮ್ಮ ಕೇಳೋಳು, ಖಾನೆ ಖಾಲಿ ಮಾಡಿಸ್ಲಾ ಅಂತ. ನಾನೇ ಬೇಡ ಅಂತಿದ್ದೆ."

"ಯಾಕಕ್ಕ? ನನ್ನ ಮೇಲೆ ಕೋಪಾನಾ?"

"ಕೋಪ ಎಂಥದೇ, ಪೆದ್ದಿ! ಮೊದಲನೇ ಸಲ ಬಂದಾಗ ನೀನು ಬೀರುಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದೆ. ಕಾಲು ಗಡಗಡ ಅಂತಿತ್ತು. ಅಷ್ಟು ಹೆದರಿದ ಮಗೂನ ಪಕ್ಕಕ್ಕೆ ಸರಿಸೋಕೆ ನಂಗೆ ಮನಸ್ಸು ಬರಲಿಲ್ಲ. ಆಮೇಲೆ ಹಾಗೇ ಅಭ್ಯಾಸ ಆಗೋಯ್ತು."

ಚಿಕ್ಕವಳಿಗೆ ಅದು ನೆನಪೇ ಇರಲಿಲ್ಲ. ಈಗಲೂ ಬೀರುವಿಗೆ ಬೆನ್ನು ಕೊಟ್ಟೇ ನಿಂತಿದ್ದೇನೆಂದು ಅವಳಿಗೆ ಆಗ ಹೊಳೆಯಿತು.

"ಈಗ ಸರೀತೀಯಾ? ಬಟ್ಟೆ ಇಡ್ಬೇಕು" ಅಂದಳು ಅಕ್ಕ.

ಚಿಕ್ಕವಳು ಸರಿದಳು. ಅಕ್ಕ ಕಾಗದಗಳನ್ನು ಒಂದೊಂದಾಗಿ ಮೊದಲಿದ್ದ ಹಾಗೇ ಹಾಸಿದಳು. ಮಂಚದ ಕೆಳಗಿಂದ ಬ್ಯಾಗ್ ಎಳೆದು, ಅಮ್ಮ ಹೊಲಿದ ಅಂಗಿಗಳನ್ನು ಮಡಿಸಿಟ್ಟಳು. ಎಲ್ಲ ಮುಗಿದ ಮೇಲೆ ಖಾಲಿ ಬ್ಯಾಗನ್ನು ಹಿಡಿದು ಸುತ್ತ ನೋಡಿದಳು.

"ಇದನ್ನ ಎಲ್ಲಿಡ್ಲೇ?"

ಚಿಕ್ಕವಳು ಅದನ್ನು ಕಿತ್ತುಕೊಂಡು ಹೋಗಿ, ಬಾಗಿಲ ಬಳಿಯ ರಾಶಿಯಲ್ಲಿ ಗಂಡನ ಮದುವೆಯ ಪ್ಯಾಂಟಿನ ಮೇಲೆ ಹಾಕಿದಳು.