ಬಾಗಿಲಿನ ಅಳತೆ

ರಟ್ಟಿನ ಹೆಂಗಸು ಬಾಗಿಲಲ್ಲಿ ಹಿಡಿಸುತ್ತಿಲ್ಲ. ನೆಟ್ಟಗೆ ನಿಲ್ಲಿಸಿದರೆ ತಲೆ ಚೌಕಟ್ಟಿಗೆ ಬಡಿಯುತ್ತದೆ. ಓರೆಯಾಗಿಟ್ಟರೆ ಕುಡಿದವಳ ಹಾಗೆ ಕಾಣುತ್ತಾಳೆ. ಗಂಟೆ ಆಗಲೇ ನಾಲ್ಕೂಕಾಲು.

ಐದಕ್ಕೆ ಮೇಜುಗಳನ್ನು ಎತ್ತಿಬಿಡುತ್ತಾರೆ. ಕಾಲೇಜಿನ ವಿನ್ಯಾಸ ವಿಭಾಗದಲ್ಲಿ ವಿಷಯ ಆರಿಸಲು ಅರ್ಜಿ ತುಂಬುವ ಪದ್ಧತಿಯಿಲ್ಲ. ಮೊದಲ ವರ್ಷ ಮುಗಿಸಿದವರು ತಾವು ರಟ್ಟಿನಲ್ಲಿ ಮಾಡಿದ ಪುಟ್ಟ ಕೋಣೆಯನ್ನು ತಂದು ನಾಲ್ಕು ಮೇಜುಗಳಲ್ಲಿ ಒಂದರ ಮೇಲಿಡಬೇಕು. ಪೀಠೋಪಕರಣ, ಬಟ್ಟೆ, ಒಳಾಂಗಣ, ಚಿತ್ರ. ಇಟ್ಟರೆ ಮುಗಿಯಿತು, ಮುಂದಿನ ಮೂರು ವರ್ಷ ಅದೇ ವಿಷಯ. ಜೊತೆಗೊಂದು ನಿಯಮ: ಕೋಣೆಯ ಬಾಗಿಲಲ್ಲಿ ರಟ್ಟಿನದೇ ಒಬ್ಬ ಮನುಷ್ಯ ನಿಂತಿರಬೇಕು. ಇಲ್ಲದಿದ್ದರೆ ಯಾವ ಮೇಜೂ ಸೇರಿಸಿಕೊಳ್ಳುವುದಿಲ್ಲ.

ಅವನು ರಟ್ಟಿನಲ್ಲಿ ಕತ್ತರಿಸಿದ ಮನುಷ್ಯರೆಲ್ಲ ಬಾಟಲಿಗಳ ಹಾಗೆ ಕಾಣುತ್ತಿದ್ದರು. ಅದಕ್ಕೇ ಮಾಡಿಕೊಡಲು ಅಕ್ಕನಿಗೆ ಹೇಳಿದ್ದ. ಅಕ್ಕ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು. ಕತ್ತರಿ ಅವಳ ಮಾತು ಕೇಳುತ್ತದೆ. ಆದರೆ ಕೋಣೆ ನಿಜದ ಅಳತೆಯ ಮೂವತ್ತರಲ್ಲೊಂದು ಪಾಲು, ಇವನು ಫೋನಿನಲ್ಲಿ ಹೇಳಿದ್ದು ಇಪ್ಪತ್ತರಲ್ಲೊಂದು. ಅವಳು ಹೇಳಿದ ಅಳತೆಗೇ ಮಾಡಿ ಕಳಿಸಿದ್ದಳು. ಬೆನ್ನು ತಿರುಗಿಸಿ ನಿಂತ ಹೆಂಗಸು, ಹೆಗಲಿಗೆ ಚೀಲ, ಸಡಿಲ ಜಡೆ. ಅದು ಅಕ್ಕನೇ ಎಂದು ಇವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಗೊತ್ತಾಗದ ಹಾಗೆ ಇದ್ದುಬಿಟ್ಟ.

ಅದರಲ್ಲಿ ಅವನು ಪಳಗಿದ ಕೈ. ಪ್ರವೇಶಕ್ಕೆ ಕೊಟ್ಟ ಹದಿನೆಂಟು ಚಿತ್ರಗಳೂ ಅಕ್ಕನವು. ಮನೆಯಲ್ಲಿ ಒಬ್ಬರನ್ನಷ್ಟೇ ಓದಿಸಬಹುದಿತ್ತು. ಯಾರನ್ನು ಎಂದು ಯಾರೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ. ವರ್ಷವಿಡೀ ಚಿತ್ರದ ಹೋಂವರ್ಕ್ ಶನಿವಾರ ಮನೆಗೆ ಹೋಗಿ ಸೋಮವಾರ ವಾಪಸು ಬಂತು. ಅಂಕಗಳು ಚೆನ್ನಾಗಿಯೇ ಬಂದವು, ಬರದೆ ಏನು!

ಕೋಣೆಯನ್ನು ಎತ್ತಿಕೊಂಡು ಚಿತ್ರದ ಮೇಜಿಗೆ ಹೋದ. ಮೇಡಂ ಮುಖ ಅರಳಿಸಿದರು. ಅವನು ಕೊಟ್ಟಿದ್ದ ಅಜ್ಜಿಯ ಚಿತ್ರವನ್ನು ತಮ್ಮ ರೂಮಿನ ಗೋಡೆಗೇ ಹಾಕಿಕೊಂಡಿದ್ದಾರಂತೆ. ಹಾಳೆಯನ್ನೂ ಇದ್ದಿಲ ಕಡ್ಡಿಯನ್ನೂ ಮುಂದಕ್ಕೆ ತಳ್ಳಿದರು.

"ನಿನ್ನ ಎಡಗೈಯ ಚಿತ್ರ ಬರೆದುಕೊಡು. ಐದು ನಿಮಿಷ. ಎಲ್ರಿಗೂ ಇದೇ ಪರೀಕ್ಷೆ, ನಿನಗೆ ಬರೀ ಶಾಸ್ತ್ರಕ್ಕೆ."

ಕಡ್ಡಿ ಹಿಡಿದ. ಎಡಗೈಯನ್ನು ಮೇಜಿನ ಮೇಲಿಟ್ಟು ನೋಡಿದ. ಐದು ಬೆರಳಿದ್ದವು, ಅದಕ್ಕಿಂತ ಹೆಚ್ಚೇನೂ ಅದರ ಬಗ್ಗೆ ಅವನಿಗೆ ತಿಳಿದಿರಲಿಲ್ಲ. ಆ ಚಿತ್ರಗಳು ಅಕ್ಕನವು ಎಂದರೆ ಸಾಕಿತ್ತು. ಸೀಟು ಹೋಗುತ್ತಿತ್ತು, ಅಷ್ಟೇ. ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು, ಅದೂ ಅಕ್ಕನ ಮೇಲೆ. ಅಷ್ಟು ಚೆನ್ನಾಗಿ ಬರೆಯಲು ಇವಳಿಗೆ ಯಾರು ಹೇಳಿದ್ದರು?

"ಆಮೇಲೆ ಬರ್ತೀನಿ ಮೇಡಂ."

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಅಕ್ಕನ ಫೋನು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ಇಟ್ಟೆಯೇನೋ?"

"ಇಲ್ಲ, ಈಗ ಹೋಗ್ತಿದೀನಿ."

"ಚಿತ್ರಕ್ಕೇ ತಾನೆ?"

ಅವನು ಕೋಣೆಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡ. ಅಕ್ಕ ಹೌದೆಂದೇ ತಿಳಿದಳು. ಅಲ್ಲಿ ಕೈ ಹಿಡಿದು ಹೇಗೆ ತಿದ್ದಿ ಕಲಿಸುತ್ತಾರೋ ಎಲ್ಲ ಬರೆದಿಟ್ಟುಕೊಂಡು ಬಾ ಅಂದಳು. "ಮೂರು ವರ್ಷ ನೀನು ಕಲಿ. ಆಮೇಲೆ ನಂಗೆ ಹೇಳ್ಕೊಡು. ಆಯ್ತಾ? ಅಂದ ಹಾಗೆ, ಆ ಹೆಂಗಸು ಅಳತೆಗೆ ಸರಿಯಾದ್ಲಾ?"

"ಸರಿಯಾದ್ಲು."

ಐದಕ್ಕೆ ಹತ್ತು ನಿಮಿಷವಿತ್ತು. ಬ್ಲೇಡು ತೆಗೆದ. ಹೆಂಗಸಿನ ಮೊಣಕಾಲಿನ ಹತ್ತಿರ ಸ್ಕೇಲಿಟ್ಟು ಒಂದೇ ಎಳೆತಕ್ಕೆ ಎಳೆದ. ಗೆರೆ ನೇರವಾಗಿ ಬಂತು. ಸ್ಕೇಲಿದ್ದರೆ ಅವನ ಕೆಲಸದಲ್ಲಿ ತಪ್ಪು ಹುಡುಕುವ ಹಾಗಿಲ್ಲ. ಗೋಂದು ಹಚ್ಚಿ ಹೆಂಗಸನ್ನು ಬಾಗಿಲಲ್ಲಿ ನಿಲ್ಲಿಸಿದ. ತಲೆಯ ಮೇಲೆ ಜಾಗ ಮಿಕ್ಕಿತು.

ಕೋಣೆಯನ್ನು ಒಳಾಂಗಣದ ಮೇಜಿನ ಮೇಲಿಟ್ಟ. ಅಲ್ಲಿನ ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬಾಗಿಲಿಗೂ ಹೆಂಗಸಿಗೂ ಅಳತೆ ಹೊಂದುತ್ತದೆ ಎಂದು ಗುರುತು ಹಾಕಿಕೊಂಡು, ಮುಂದಿನವರನ್ನು ಕರೆದರು.

ಜೇಬಿನಲ್ಲಿ ಫೋನು ಮತ್ತೆ ನಡುಗತೊಡಗಿತು. ತೆಗೆಯೋಣವೆಂದು ಎಡಗೈ ಬಿಚ್ಚಿದ. ಅಂಗೈಯ ಗೋಂದಿಗೆ ಎರಡು ರಟ್ಟಿನ ಕಾಲುಗಳು ಅಂಟಿಕೊಂಡಿದ್ದವು. ಒಂದರ ಹಿಮ್ಮಡಿ ತುಸು ಮೇಲೆದ್ದಿತ್ತು, ಹೆಜ್ಜೆ ಎತ್ತಿಡುವ ಹಾಗೆ.